ಎರಡು ಟನ್ ಕಡಲು, ಒಂದು ಹಾಲ್: ತಪ್ಪು ಕಲ್ಪನೆ ಮತ್ತು ವಾಸ್ತವ

ಎಂಟು ಅಡಿ ಉದ್ದ, ಮೂರು ಅಡಿ ಅಗಲ, ಮೂರು ಅಡಿ ಎತ್ತರ. ಮನೆಯ ಹಾಲ್‌ನಲ್ಲಿ ಉಪ್ಪುನೀರಿನ ದೊಡ್ಡ ಅಕ್ವೇರಿಯಂ ಕಟ್ಟಿಸಲು ಹೊರಟವರು ಇಂಥದೊಂದು ಅಳತೆಯ ಆಸುಪಾಸಿಗೆ ಬಂದು ನಿಲ್ಲುತ್ತಾರೆ. ಹಿಡಿಯುವ ನೀರು ಸುಮಾರು 2,000 ಲೀಟರ್. ಈ ಹವ್ಯಾಸದವರು ನಮ್ಮಲ್ಲಿ ಕಡಿಮೆ. ಅದರ ಬಗೆಗಿನ ಹೇಳಿಕೆ ಕೇಳಿಕೆಗಳಿಗೆ ಮಾತ್ರ ಬರವಿಲ್ಲ. ಅಂಗಡಿಯವರು ಹೇಳಿದ್ದು, ವಾಸ್ತು ನೋಡುವವರು ಹೇಳಿದ್ದು, ಗೋಲ್ಡ್‌ಫಿಶ್ ಸಾಕಿ ಗೆದ್ದ ನೆಂಟರು ಹೇಳಿದ್ದು. ಬಹುಪಾಲನ್ನು ನಾವೂ ಒಂದು ಕಾಲಕ್ಕೆ ನಂಬಿದವರೇ. ಕೆಲವಕ್ಕೆ ಅರ್ಧ ಆಧಾರವೂ ಉಂಟು, ಅದಕ್ಕೇ ಅವು ಬೇಗ ಸಾಯುವುದಿಲ್ಲ. ಒಂದೊಂದಾಗಿ ನೋಡೋಣ. ಮೀನಿನಿಂದಲ್ಲ, ನೆಲದಿಂದ ಶುರು ಮಾಡೋಣ.

ತಪ್ಪು ಕಲ್ಪನೆ: ತಾರಸಿಯ ಮೇಲೆ 2,000 ಲೀಟರಿನ ಸಿಂಟೆಕ್ಸ್ ವರ್ಷಗಟ್ಟಲೆ ಕೂತಿದೆ. ಅಷ್ಟೇ ನೀರು ಹಾಲ್‌ನಲ್ಲಿ ಕೂರಲು ಅಡ್ಡಿ ಏನು?

ವಾಸ್ತವ: ತಾರಸಿಯ ಟ್ಯಾಂಕ್ ಎಲ್ಲೆಂದರಲ್ಲಿ ಕೂತಿಲ್ಲ. ಮನೆ ಕಟ್ಟುವಾಗಲೇ ಅದಕ್ಕೊಂದು ಜಾಗ ಗೊತ್ತು ಮಾಡಿರುತ್ತಾರೆ: ಮೆಟ್ಟಿಲ ಕೋಣೆಯ ನೆತ್ತಿ, ಇಲ್ಲವೇ ಪಿಲ್ಲರುಗಳ ಸಾಲಿನ ಮೇಲೆ ಎಬ್ಬಿಸಿದ ಗೋಡೆ. ಭಾರ ನೇರವಾಗಿ ಪಿಲ್ಲರಿಗೆ, ಅಲ್ಲಿಂದ ಪಾಯಕ್ಕೆ ಇಳಿಯುತ್ತದೆ. ಹಾಲ್‌ನ ಸ್ಲ್ಯಾಬಿನ ಲೆಕ್ಕ ಬೇರೆ. ವಾಸದ ಕೋಣೆಗಳಿಗೆ ಭಾರತೀಯ ಮಾನಕ ಐಎಸ್ 875 ಹೇಳುವ ಬಳಕೆಯ ಭಾರ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕೆ.ಜಿ. ನಮ್ಮ ತೊಟ್ಟಿಯಲ್ಲಿ ನೀರೇ ಎರಡು ಟನ್‌ಗೆ ಮಿಗಿಲು. 19 ಮಿ.ಮೀ. ಗಾಜು ಹಾಕಿಸಿದರೆ ಗಾಜಿನ ತೂಕವೇ 400 ಕೆ.ಜಿ. ಹತ್ತಿರ. ಕಲ್ಲು, ಮರಳು, ಕಬ್ಬಿಣದ ಸ್ಟ್ಯಾಂಡ್, ಕೆಳಗೆ ಫಿಲ್ಟರ್ ಕೂರುವ ಇನ್ನೊಂದು ತೊಟ್ಟಿ ಎಲ್ಲ ಸೇರಿ ಮೂರು ಟನ್‌ನ ಸಮೀಪ ಹೋಗುತ್ತದೆ. ಇಷ್ಟೂ ನಿಲ್ಲುವುದು 24 ಚದರ ಅಡಿಯಲ್ಲಿ. ಭಾಗಿಸಿ ನೋಡಿದರೆ ಚದರ ಮೀಟರಿಗೆ 1,200 ಕೆ.ಜಿ. ದಾಟುತ್ತದೆ, ಮಾನಕ ಹೇಳಿದ್ದರ ಆರು ಪಟ್ಟು.

ಹಾಗೆಂದು ತೊಟ್ಟಿ ಇಟ್ಟ ರಾತ್ರಿಯೇ ನೆಲ ಕುಸಿಯುತ್ತದೆ ಎಂದು ಹೆದರಿಸುವುದೂ ಸರಿಯಲ್ಲ. ಆ 200 ಕೆ.ಜಿ. ಇಡೀ ಕೋಣೆಗೆ ಹರಡಿದ ಲೆಕ್ಕ, ಅದರ ಮೇಲೆ ಸುರಕ್ಷತೆಯ ಪಾಲೂ ಇರುತ್ತದೆ. ಬೀಮಿನ ನೆತ್ತಿಯ ಮೇಲೆ, ಪಿಲ್ಲರಿಗೆ ಹತ್ತಿರವಾಗಿ ಇಟ್ಟ ತೊಟ್ಟಿಯ ಕಥೆ ಬೇರೆ, ಸ್ಲ್ಯಾಬಿನ ನಟ್ಟನಡುವೆ ಇಟ್ಟದ್ದರ ಕಥೆ ಬೇರೆ. ಇದನ್ನು ಹೇಳಬೇಕಾದವರು ಕಟ್ಟಡದ ನಕ್ಷೆ ಮುಂದಿಟ್ಟುಕೊಂಡು ಕಬ್ಬಿಣದ ಲೆಕ್ಕ ಓದಬಲ್ಲ ಸ್ಟ್ರಕ್ಚರಲ್ ಎಂಜಿನಿಯರ್. ಅಕ್ವೇರಿಯಂ ಅಂಗಡಿಯವರೂ ಅಲ್ಲ, ಮೇಸ್ತ್ರಿಯೂ ಅಲ್ಲ.

ಇದಕ್ಕೆ ಅಂಟಿಕೊಂಡೇ ಬರುವ ಇನ್ನೊಂದು ವಾದ: ಸತ್ಯನಾರಾಯಣ ಪೂಜೆಗೆ ನಲವತ್ತು ಜನ ಇದೇ ಹಾಲ್‌ನಲ್ಲಿ ಕೂತು ಉಂಡು ಹೋಗಲಿಲ್ಲವೇ? ಹೋದರು. ಹೋದರು ಎಂಬುದೇ ಉತ್ತರ. ಕಾಂಕ್ರೀಟಿಗೆ ಒಂದು ಗುಣವಿದೆ: ಬಿಡುವಿಲ್ಲದೆ ಹೊತ್ತ ಭಾರಕ್ಕೆ ಅದು ತಿಂಗಳು ವರ್ಷಗಳ ಉದ್ದಕ್ಕೂ ಸ್ವಲ್ಪಸ್ವಲ್ಪವೇ ಬಾಗುತ್ತಾ ಹೋಗುತ್ತದೆ. ತೊಟ್ಟಿ ಊಟ ಮುಗಿಸಿ ಎದ್ದು ಹೋಗುವುದಿಲ್ಲ. ನೆಲ ಕುಸಿಯಬೇಕಾಗಿಯೂ ಇಲ್ಲ; ಒಂದು ಮೂಲೆ ಕೆಲವು ಮಿ.ಮೀ. ತಗ್ಗಿದರೆ ಸಾಕು, ಗಾಜಿನ ಬೆಸುಗೆಗೆ ಏಟು ಬೀಳುತ್ತದೆ.

ನೆಲ ಅಂತಸ್ತಿನವರಿಗೆ ಈ ಚಿಂತೆ ಇಲ್ಲ ಎನ್ನುವುದು ಬಹುಮಟ್ಟಿಗೆ ನಿಜ. ಆದರೆ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ನೀರಿನ ಸಂಪ್ ಇರುವುದು ನೆಲದಡಿಯಲ್ಲೇ. ಮುಂಭಾಗದ ಕೋಣೆಯ ಟೈಲ್ಸ್ ಕೆಳಗೆ ಮಣ್ಣಿದೆಯೋ ಟೊಳ್ಳಿದೆಯೋ ಎಂದು ಮೊದಲು ಕೇಳಿ ತಿಳಿಯಬೇಕು.

ತಪ್ಪು ಕಲ್ಪನೆ: ಲೀಟರ್ ಹೆಚ್ಚಾದಷ್ಟೂ ಗಾಜು ದಪ್ಪ ಬೇಕು. ಟಫನ್ಡ್ ಗಾಜು ಹಾಕಿಸಿದರಂತೂ ಭಯವೇ ಇಲ್ಲ.

ವಾಸ್ತವ: ಗಾಜಿಗೆ ಲೀಟರ್ ಗೊತ್ತಿಲ್ಲ, ಎತ್ತರ ಗೊತ್ತು. ನೀರಿನ ಒತ್ತಡ ನಿಂತಿರುವುದು ಆಳದ ಮೇಲೆ. ಮುಂದಿನ ಗಾಜಿನ ಹಿಂದೆ ಎರಡು ಅಡಿ ನೀರಿರಲಿ, ಹತ್ತು ಅಡಿ ಇರಲಿ, ಎತ್ತರ ಒಂದೇ ಆಗಿದ್ದರೆ ಅದು ತಳ್ಳುವ ಬಲವೂ ಒಂದೇ. ನಂಬುವುದು ಕಷ್ಟ, ಆದರೆ ಹೌದು. ನಮ್ಮ ಎಂಟಡಿ ತೊಟ್ಟಿಯ ಮುಂಗಾಜಿನ ಮೇಲೆ ಬೀಳುವ ಒಟ್ಟು ಬಲ ಸುಮಾರು ಒಂದು ಟನ್. ಎತ್ತರ ಇಮ್ಮಡಿಯಾದರೆ ಈ ಬಲ ನಾಲ್ಕು ಪಟ್ಟಾಗುತ್ತದೆ. ಉದ್ದ ಹೆಚ್ಚಿದರೆ ಗಾಜು ಬಾಗುವುದು ಹೆಚ್ಚುತ್ತದೆ, ಅದಕ್ಕೇ ಮೇಲ್ಭಾಗದಲ್ಲಿ ಅಡ್ಡಪಟ್ಟಿ ಕೂರಿಸುತ್ತಾರೆ. ಅಗಲ ಮಾತ್ರ ಮುಂಗಾಜಿಗೆ ಪುಕ್ಕಟೆ. ದೊಡ್ಡ ತೊಟ್ಟಿ ಬೇಕೆನ್ನುವವರು ಎತ್ತರ ಬಿಟ್ಟು ಅಗಲ ಕೇಳುವುದೇ ಜಾಣತನ. ತಳದ ಕಲ್ಲು ತೊಳೆಯಲು ಕೈಯೂ ಎಟುಕುತ್ತದೆ. ಮೂರಡಿ ದಾಟಿದ ತೊಟ್ಟಿಗೆ ಮೆಟ್ಟಿಲು ಹಾಕಿಕೊಂಡು ಬಗ್ಗಿದವರಿಗೆ ಇದು ಗೊತ್ತು.

ಟಫನ್ಡ್ ಗಾಜು ಬಲವಾದದ್ದೇ, ಸುಳ್ಳಲ್ಲ. ಆದರೆ ಅದು ಸೋತಾಗ ಒಂದೇ ಕ್ಷಣದಲ್ಲಿ ಪೂರ್ತಿ ಪುಡಿಯಾಗುತ್ತದೆ. ಸಾದಾ ದಪ್ಪ ಗಾಜು ಸಾಮಾನ್ಯವಾಗಿ ಬಿರುಕು ಬಿಟ್ಟು ತೊಟ್ಟಿಕ್ಕುತ್ತದೆ, ಬಕೆಟ್ ಹುಡುಕಲು ಸಮಯ ಕೊಡುತ್ತದೆ. ಟಫನ್ ಮಾಡಿದ ಮೇಲೆ ಪೈಪಿಗಾಗಿ ತೂತು ಕೊರೆಯಲೂ ಆಗುವುದಿಲ್ಲ.

ಅಕ್ರಿಲಿಕ್ ಒಡೆಯುವುದೇ ಇಲ್ಲ ಎಂಬ ಮಾತೂ ಚಾಲ್ತಿಯಲ್ಲಿದೆ. ಬರ್ಲಿನ್‌ನ ಹೋಟೆಲೊಂದರಲ್ಲಿದ್ದ ಆಕ್ವಾಡೋಮ್ 14 ಮೀಟರ್ ಎತ್ತರದ ಅಕ್ರಿಲಿಕ್ ಕಂಬ, ಹತ್ತು ಲಕ್ಷ ಲೀಟರ್ ಉಪ್ಪುನೀರು, ಸುಮಾರು 1,500 ಮೀನು. 2022ರ ಡಿಸೆಂಬರ್ 16ರ ಬೆಳಗ್ಗೆ ಆರಕ್ಕೂ ಮುಂಚೆ ಅದು ಸಿಡಿದು ನೀರು ಬೀದಿಗೆ ನುಗ್ಗಿತು. ಅಷ್ಟು ಹೊತ್ತಿಗೆ ಲಾಬಿಯಲ್ಲಿ ಹೆಚ್ಚು ಜನರಿಲ್ಲದ್ದರಿಂದ ಇಬ್ಬರಿಗೆ ಸಣ್ಣ ಗಾಯವಾದದ್ದು ಬಿಟ್ಟರೆ ಜೀವಹಾನಿ ಆಗಲಿಲ್ಲ. ಹೊರಗಿನ ಕೊರೆಯುವ ಚಳಿಯೇ ಕಾರಣ ಎಂಬ ಸುದ್ದಿ ಕೂಡಲೇ ಹಬ್ಬಿತು. ತಜ್ಞರ ತನಿಖೆ ಬೆಸುಗೆಯ ದೋಷ, ದುರಸ್ತಿಯ ವೇಳೆ ಆದ ಪೆಟ್ಟು ಮುಂತಾದ ಸಾಧ್ಯತೆಗಳನ್ನು ತೂಗಿ, ಒಂದೇ ಕಾರಣವನ್ನು ಖಚಿತವಾಗಿ ಹೇಳಲಾಗದು ಎಂದಿತು.

ತಪ್ಪು ಕಲ್ಪನೆ: ತೊಟ್ಟಿ ದೊಡ್ಡದಾದಷ್ಟೂ ನೀರನ್ನು ಹದದಲ್ಲಿ ಇಡುವುದು ಕಷ್ಟ. ಹೊಸಬರು 50 ಲೀಟರಿನಲ್ಲಿ ಕೈ ಪಳಗಿಸಿಕೊಳ್ಳಬೇಕು.

ವಾಸ್ತವ: ತಲೆಕೆಳಗು. ಬೇಸಿಗೆಯಲ್ಲಿ 50 ಲೀಟರಿನಿಂದ 2 ಲೀಟರ್ ಆವಿಯಾದರೆ ಲೀಟರಿಗೆ 35 ಗ್ರಾಂ ಇದ್ದ ಉಪ್ಪು 36.5ಕ್ಕೆ ಏರುತ್ತದೆ, ಸಮುದ್ರದ ಜೀವಿಗಳಿಗೆ ಅದು ಸಣ್ಣ ಏರಿಕೆಯಲ್ಲ. 2,000 ಲೀಟರಿನಲ್ಲಿ ಅದೇ 2 ಲೀಟರ್ ಲೆಕ್ಕಕ್ಕೇ ಇಲ್ಲ. ಕಲ್ಲಿನ ಹಿಂದೆ ಒಂದು ಮೀನು ಸತ್ತು ಕೊಳೆತರೆ ಸಣ್ಣ ತೊಟ್ಟಿ ಬೆಳಗಾಗುವುದರೊಳಗೆ ಹಾಳಾಗುತ್ತದೆ, ದೊಡ್ಡದು ತಡೆದುಕೊಳ್ಳುತ್ತದೆ. ಬಿಸಿಲೇರಿದರೂ ನಿಧಾನವಾಗಿ ಕಾಯುತ್ತದೆ.

ಆದರೆ ಕಷ್ಟ ಮಾಯವಾಗಲಿಲ್ಲ, ಜಾಗ ಬದಲಿಸಿತು. ನೀರು ಸೌಮ್ಯವಾದಷ್ಟೂ ಮನೆಯ ಕೆಲಸ ಬಿಗಿಯಾಗುತ್ತದೆ. ಕಾಲು ಭಾಗ ನೀರು ಬದಲಿಸಬೇಕಾಗಿ ಬಂತು ಎನ್ನಿ: 500 ಲೀಟರ್ ಶುದ್ಧ ನೀರು, 18 ಕೆ.ಜಿ. ಉಪ್ಪು, ಅದನ್ನು ಕದಡಲು ಡ್ರಮ್ಮು, ಪಂಪು, ಒಂದು ದಿನ. ಆ ಡ್ರಮ್ಮು ಎಲ್ಲಿ ನಿಲ್ಲುತ್ತದೆ? ಯುಟಿಲಿಟಿಯಲ್ಲಿ ವಾಷಿಂಗ್ ಮಷೀನಿನ ಪಕ್ಕವೇ? ನಕ್ಷೆ ಬರೆಯುವಾಗ ಯಾರೂ ಕೇಳದ ಪ್ರಶ್ನೆ ಇದು.

ತಪ್ಪು ಕಲ್ಪನೆ: ಬೋರ್‌ವೆಲ್ ನೀರು ಹೇಗೂ ಉಪ್ಪು, ಅದನ್ನೇ ತುಂಬಿದರೆ ಅರ್ಧ ಕೆಲಸ ಮುಗಿದಂತೆ.

ವಾಸ್ತವ: ನಾಲಿಗೆಗೆ ಉಪ್ಪೆನಿಸುವ ಬೋರ್ ನೀರಿನಲ್ಲಿ ಕರಗಿದ ಲವಣ ಲೀಟರಿಗೆ ಒಂದೆರಡು ಗ್ರಾಂ ಇದ್ದರೆ ಹೆಚ್ಚು. ಸಮುದ್ರದಲ್ಲಿ 35. ಬೋರ್ ನೀರು ಜೊತೆಗೆ ತರುವ ನೈಟ್ರೇಟ್, ಸಿಲಿಕೇಟ್‌ಗಳು ಗಾಜಿನ ಮೇಲೆ ಕಂದು ಪಾಚಿ ಬೆಳೆಸಲು ಸಾಕು. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಎರಡೂ ಆರ್‌ಒ ದಾಟಿಯೇ ಬರಬೇಕು. ಅಡುಗೆಮನೆಯ ಆರ್‌ಒ ಯಂತ್ರ ರುಚಿಗಾಗಿ ಲವಣವನ್ನು ಮತ್ತೆ ಸೇರಿಸುವುದರಿಂದ ಅದು ಆಗಿಬರದು. ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರ್ ತ್ಯಾಜ್ಯ ನೀರು ಹರಿಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ 5,000 ರೂಪಾಯಿ ದಂಡ ಎಂದು ಆದೇಶಿಸಿತ್ತು. ಅಂಥ ಬೇಸಿಗೆಯಲ್ಲಿ ನೆಲ ಒರೆಸಲು, ಟಾಯ್ಲೆಟ್‌ಗೆ ಸುರಿಯಲು ತ್ಯಾಜ್ಯ ನೀರನ್ನು ಹಿಡಿದಿಡದವರು ನೆರೆಯವರ ಮುಖ ನೋಡುವುದು ಕಷ್ಟ.

ತಪ್ಪು ಕಲ್ಪನೆ: ಸಮುದ್ರದ ಉಪ್ಪೇ ಅಲ್ಲವೇ? ಗೋಕರ್ಣದ ಹತ್ತಿರದ ಸಾಣಿಕಟ್ಟೆಯಿಂದ ಒಂದು ಮೂಟೆ ಹರಳುಪ್ಪು ತಂದು ಕರಗಿಸಿದರೆ ಸಮುದ್ರವೇ ತಿರುಗಿ ಸಿಗುತ್ತದೆ. ಪ್ಯಾಕೆಟ್‌ನ ವಿದೇಶಿ ಉಪ್ಪು ಬರೀ ಸುಲಿಗೆ.

ವಾಸ್ತವ: ಈ ತರ್ಕ ಎಷ್ಟು ಸೊಗಸಾಗಿದೆಯೆಂದರೆ ನಾವು ಬಹಳ ದಿನ ಇದನ್ನು ಬಿಟ್ಟುಕೊಡಲಿಲ್ಲ. ಇದರ ಎಡವಟ್ಟು ಇರುವುದು ಉಪ್ಪಿನ ಗದ್ದೆಯಲ್ಲೇ. ಸಮುದ್ರದ ನೀರು ಬಿಸಿಲಿಗೆ ಇಂಗುತ್ತಾ ಬಂದಾಗ ಎಲ್ಲ ಲವಣಗಳೂ ಒಟ್ಟಿಗೆ ಹರಳುಗಟ್ಟುವುದಿಲ್ಲ. ಮೊದಲು ಸುಣ್ಣದ ಅಂಶ ತಳ ಸೇರುತ್ತದೆ, ಆಮೇಲೆ ಜಿಪ್ಸಂ. ಅಲ್ಲಿಗೆ ಕ್ಯಾಲ್ಸಿಯಂನ ಬಹುಪಾಲು ಹೋಯಿತು. ಅದರ ನಂತರ ನಾವು ತಿನ್ನುವ ಉಪ್ಪು, ಸೋಡಿಯಂ ಕ್ಲೋರೈಡ್, ಹರಳಾಗುತ್ತದೆ. ಮೆಗ್ನೀಸಿಯಂ, ಪೊಟ್ಯಾಸಿಯಂಗಳು ಕಡೆಗೆ ಉಳಿಯುವ ಕಹಿ ನೀರಿನಲ್ಲೇ ನಿಂತುಬಿಡುತ್ತವೆ. ಅದನ್ನು ಹೊರಗೆ ಬಿಡುತ್ತಾರೆ. ಊಟದ ಉಪ್ಪು ಕಹಿಯಾಗದಿರುವುದು ಈ ಬೇರ್ಪಡಿಕೆಯಿಂದಲೇ. ಹಾಗಾಗಿ ಉಪ್ಪು ಸಮುದ್ರದಿಂದ ಬಂದದ್ದು ನಿಜ, ಉಪ್ಪಿನಿಂದ ಸಮುದ್ರ ಬರುವುದಿಲ್ಲ.

ಒಂದು ಲೀಟರ್ ಸಮುದ್ರದ ನೀರಿನ 35 ಗ್ರಾಂ ಲವಣದಲ್ಲಿ ಕ್ಲೋರೈಡ್ ಸುಮಾರು 19 ಗ್ರಾಂ, ಸೋಡಿಯಂ ಹನ್ನೊಂದರ ಹತ್ತಿರ. ಉಳಿದದ್ದು ಸಲ್ಫೇಟ್, 1.3 ಗ್ರಾಂ ಮೆಗ್ನೀಸಿಯಂ, ತಲಾ 0.4 ಗ್ರಾಂನಷ್ಟು ಕ್ಯಾಲ್ಸಿಯಂ ಮತ್ತು ಪೊಟ್ಯಾಸಿಯಂ, ಬೈಕಾರ್ಬೊನೇಟ್, ಇನ್ನಷ್ಟು ಚಿಲ್ಲರೆ. ಚಿಪ್ಪಿನ ಜೀವಿಗಳು ಮನೆ ಕಟ್ಟಿಕೊಳ್ಳುವುದು ಈ ಸಣ್ಣ ಪಾಲಿನಿಂದಲೇ. ಕೃತಕ ಸಮುದ್ರದ ಪ್ರಯತ್ನ ಇಂದಿನದಲ್ಲ. 1854ರಲ್ಲೇ ಇಂಗ್ಲೆಂಡಿನ ನಿಸರ್ಗ ವಿಜ್ಞಾನಿ ಫಿಲಿಪ್ ಹೆನ್ರಿ ಗೋಸ್ ನಾಲ್ಕು ಲವಣ ಬೆರೆಸಿ ಸಮುದ್ರದ ನೀರು ತಯಾರಿಸುವ ಪಾಕ ಪ್ರಕಟಿಸಿದ್ದರು. ಅವರ ಪಾಕದಲ್ಲೂ ಉಪ್ಪಿನ ಜೊತೆ ಮೆಗ್ನೀಸಿಯಂ, ಪೊಟ್ಯಾಸಿಯಂ ಲವಣಗಳಿದ್ದವು. ಬೆಲೆಯ ಬಗೆಗಿನ ಸಿಟ್ಟು ಮಾತ್ರ ನ್ಯಾಯವಾದದ್ದೇ: 2,000 ಲೀಟರಿಗೆ 70 ಕೆ.ಜಿ.ಗೂ ಹೆಚ್ಚು ಉಪ್ಪು ಬೇಕು, ಅದೂ ಮೊದಲ ಸಲಕ್ಕೆ.

ತಪ್ಪು ಕಲ್ಪನೆ: ಹಾಗಾದರೆ ಮಲ್ಪೆಯಿಂದ ಟ್ಯಾಂಕರಿನಲ್ಲಿ ನೀರನ್ನೇ ತಂದರಾಯಿತು.

ವಾಸ್ತವ: ಇದು ಪೂರ್ತಿ ಸುಳ್ಳಲ್ಲ. ದಡದಲ್ಲಿರುವ ಸಂಶೋಧನಾ ಕೇಂದ್ರಗಳು ಸಮುದ್ರದ ನೀರನ್ನೇ ಮರಳಿನಲ್ಲಿ ಸೋಸಿ ಬಳಸುತ್ತವೆ. ಆದರೆ ಅವು ನೀರನ್ನು ಎಲ್ಲಿಂದ, ಯಾವಾಗ ಎತ್ತಬೇಕೆಂದು ಬಲ್ಲವು. ಮೀನುಗಾರಿಕೆ ಬಂದರಿನ ಬಳಿ ಡೀಸೆಲ್ ಜಿಡ್ಡು ಇರುತ್ತದೆ. ಮಳೆಗಾಲದಲ್ಲಿ ನೇತ್ರಾವತಿ, ಶರಾವತಿ, ಕಾಳಿಗಳು ದಡದ ಕಡಲನ್ನು ಕೆಂಪಾಗಿಸಿ ಸಪ್ಪೆ ಮಾಡುತ್ತವೆ. ನೀರಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ಮುಚ್ಚಿದ ಟ್ಯಾಂಕರಿನಲ್ಲಿ ಘಟ್ಟ ಹತ್ತುವಷ್ಟರಲ್ಲಿ ಸಾಯತೊಡಗಿ, ಕೊಳೆತು ಆಮ್ಲಜನಕ ತಿನ್ನುತ್ತವೆ. ಮಂಗಳೂರು, ಉಡುಪಿಯವರಿಗೆ ಶುದ್ಧೀಕರಿಸಿ ಬಳಸುವ ದಾರಿ ಇರಬಹುದು. ಬೆಂಗಳೂರಿನವರಿಗೆ ಸಾಗಣೆಯಲ್ಲೇ ಲಾಭ ಕರಗುತ್ತದೆ.

ತಪ್ಪು ಕಲ್ಪನೆ: ತೊಟ್ಟಿಯ ನೀರು ಇಳಿದಾಗ ಉಪ್ಪುನೀರನ್ನೇ ಸುರಿದು ತುಂಬಬೇಕು.

ವಾಸ್ತವ: ಆವಿಯಾಗುವುದು ನೀರು ಮಾತ್ರ. ಉಪ್ಪು ಒಳಗೇ ಉಳಿಯುತ್ತದೆ. ತುಂಬಬೇಕಾದದ್ದು ಉಪ್ಪಿಲ್ಲದ ಆರ್‌ಒ ನೀರು.

ತಪ್ಪು ಕಲ್ಪನೆ: ನೀರು ತಿಳಿಯಾದರೆ ಮೀನು ಬಿಡಬಹುದು.

ವಾಸ್ತವ: ಅಮೋನಿಯಾ ಕಣ್ಣಿಗೆ ಕಾಣುವುದಿಲ್ಲ. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ಉಳಿದ ಆಹಾರದಿಂದ ಬರುವ ಈ ವಿಷವನ್ನು ಒಂದು ಬಗೆಯ ಸೂಕ್ಷ್ಮಜೀವಿಗಳು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ಅದನ್ನು ಕಡಿಮೆ ಅಪಾಯದ ನೈಟ್ರೇಟ್ ಮಾಡುತ್ತವೆ. ಇವು ಕಲ್ಲು, ಮರಳಿನ ಮೇಲೆ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಸಮುದ್ರದ ನೀರು ಕ್ಷಾರದ ಕಡೆಗೆ ವಾಲಿರುವುದರಿಂದ, ಪಿಎಚ್ ಸುಮಾರು 8.2 ಇರುವುದರಿಂದ, ಅಷ್ಟೇ ಅಮೋನಿಯಾ ಸಿಹಿನೀರಿಗಿಂತ ಇಲ್ಲಿ ಹೆಚ್ಚು ಕೊಲ್ಲುತ್ತದೆ. ಗೃಹಪ್ರವೇಶದ ದಿನಕ್ಕೆ ಮೀನು ಓಡಾಡಬೇಕು ಎಂಬ ಹಟದಿಂದ ಎಷ್ಟು ಮೀನು ಹೋಗಿವೆಯೋ. ತೊಟ್ಟಿಗೂ ಒಂದು ಮುಹೂರ್ತ ಉಂಟು, ಅದನ್ನು ಹೇಳುವುದು ಟೆಸ್ಟ್ ಕಿಟ್.

ತಪ್ಪು ಕಲ್ಪನೆ: ಸತ್ತು ದಡಕ್ಕೆ ಬಿದ್ದ ಹವಳವನ್ನು ತಂದಿಟ್ಟರೆ ಯಾರಿಗೂ ನಷ್ಟವಿಲ್ಲ. ಅಂಗಡಿಯಲ್ಲಿ ಮಾರುತ್ತಾರೆಂದ ಮೇಲೆ ಅದು ಕಾನೂನಿಗೆ ಸರಿಯೇ ಇರಬೇಕು.

ವಾಸ್ತವ: ಕಲ್ಲಿನಂತೆ ಗಟ್ಟಿಯಾಗಿ ದಿಬ್ಬ ಕಟ್ಟುವ ಹವಳಗಳು, ಕಪ್ಪು ಹವಳ, ಕಡಲ ಬೀಸಣಿಗೆ, ಕಡಲ ಕುದುರೆ, ಕಡಲ ಸೌತೆ ಇವೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಹುಲಿ, ಆನೆ ಇರುವ ಪಟ್ಟಿ ಅದು. ಜೀವಂತವೋ ಸತ್ತದ್ದೋ ಎಂಬ ಭೇದವಿಲ್ಲ. ಅಸ್ಥಿಪಂಜರದ ತುಂಡೂ ಲೆಕ್ಕಕ್ಕೆ ಬರುತ್ತದೆ. ಒಂದನೇ ಅನುಸೂಚಿಯ ಅಪರಾಧಕ್ಕೆ ಮೂರರಿಂದ ಏಳು ವರ್ಷ ಜೈಲು, ಮೇಲೆ ದಂಡ. ಅಂಗಡಿಯಲ್ಲಿ ಸಿಗುತ್ತದೆ ಎಂಬುದು ಅಂಗಡಿಯವರ ಧೈರ್ಯಕ್ಕೆ ಪುರಾವೆ, ಕಾನೂನಿಗಲ್ಲ.

ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಡೈವ್ ಮಾಡಿ ಬಂದವರಿಗೆ ಒಂದು ಚೂರು ನೆನಪಿಗೆ ತರುವ ಆಸೆಯಾಗುವುದು ಸಹಜ. ತರಬಾರದು. ದೃಷ್ಟಿ ತಾಗದಿರಲಿ ಎಂದು ಎಷ್ಟೋ ಮನೆಗಳಲ್ಲಿ ಚೌಕಟ್ಟು ಹಾಕಿ ತೂಗಿಹಾಕುವ ಇಂದ್ರಜಾಲ ಎಂಬ ಬೇರು ಬೇರೇನಲ್ಲ, ಕಡಲ ಬೀಸಣಿಗೆ ಅಥವಾ ಕಪ್ಪು ಹವಳವೇ. ಅದು ದೃಷ್ಟಿ ತೆಗೆಯುತ್ತದೋ ಇಲ್ಲವೋ, ಅರಣ್ಯ ಇಲಾಖೆಯವರ ದೃಷ್ಟಿಯನ್ನಂತೂ ಎಳೆಯುತ್ತದೆ.

ತೊಟ್ಟಿಗೆ ಕಲ್ಲು ಬೇಕೇ ಬೇಕು, ಸೂಕ್ಷ್ಮಜೀವಿಗಳ ವಾಸ ಅಲ್ಲೇ. ಅದಕ್ಕೆ ರಂಧ್ರಗಳಿರುವ ಸಿರಾಮಿಕ್ ಅಥವಾ ಸಿಮೆಂಟಿನ ಕಲ್ಲು ಸಾಕು. ಕೆಲವೇ ತಿಂಗಳಲ್ಲಿ ನೇರಳೆ ಪಾಚಿ ಹತ್ತಿ ಗುರುತೇ ಸಿಗದಂತಾಗುತ್ತದೆ.

ತಪ್ಪು ಕಲ್ಪನೆ: ಕಲ್ಲಿಗೆ ಹತ್ತಿದ ಬೇಡದ ಜೀವಿಗಳನ್ನು ಕುದಿಯುವ ನೀರು ಹೊಯ್ದು, ಬ್ರಷ್ ಹಾಕಿ ಉಜ್ಜಿ ತೆಗೆಯಬಹುದು.

ವಾಸ್ತವ: ಈ ಪಟ್ಟಿಯಲ್ಲಿ ಮನುಷ್ಯರ ಜೀವಕ್ಕೇ ಬರುವ ಮಾತು ಇದು. ಬಟನ್ ಪಾಲಿಪ್ ಎಂದು ಮಾರುವ ಮೃದು ಜೀವಿಗಳಲ್ಲಿ ಕೆಲವು ಪಾಲಿಟಾಕ್ಸಿನ್ ಎಂಬ ಉಗ್ರ ವಿಷವನ್ನು ಇಟ್ಟುಕೊಂಡಿರುತ್ತವೆ. ಬಿಸಿನೀರಿನ ಆವಿಯಲ್ಲಿ ಅದು ಶ್ವಾಸಕೋಶ ಸೇರುತ್ತದೆ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ ಅಕ್ವೇರಿಯಂ ತೊಳೆಯಲು ಹೋಗಿ ಒಂದಿಡೀ ಕುಟುಂಬ ಆಸ್ಪತ್ರೆ ಸೇರಿತ್ತು. ಕೈಗವಸು, ಕನ್ನಡಕ ಹಾಕಿ, ಕಲ್ಲನ್ನು ನೀರಿನೊಳಗೇ ಇಟ್ಟು ತೆಗೆಯಬೇಕು. ಕುದಿಸುವುದು ಎಂದೂ ಇಲ್ಲ.

ತಪ್ಪು ಕಲ್ಪನೆ: ಮೀನು ತೊಟ್ಟಿಯ ಅಳತೆಗೆ ತಕ್ಕಷ್ಟೇ ಬೆಳೆಯುತ್ತದೆ.

ವಾಸ್ತವ: ತೊಟ್ಟಿಯ ಅಳತೆ ಮೀನಿಗೆ ಗೊತ್ತಿಲ್ಲ. ಇಕ್ಕಟ್ಟಿನಲ್ಲಿ ಬೆಳವಣಿಗೆ ಕುಂಟುವುದು ಹದಗೆಟ್ಟ ನೀರಿನಿಂದ, ಒತ್ತಡದಿಂದ. ಅದು ಹೊಂದಾಣಿಕೆಯಲ್ಲ, ಕಾಯಿಲೆ. ಅಂಗಡಿಯಲ್ಲಿ ಬೆರಳುದ್ದ ಇರುವ ಎಂಪರರ್ ಏಂಜೆಲ್ 40 ಸೆಂ.ಮೀ. ಆಗುತ್ತದೆ. ಚುಕ್ಕೆಚುಕ್ಕೆಯ ಮುದ್ದು ಪ್ಯಾಂಥರ್ ಗ್ರೂಪರ್ 70 ಸೆಂ.ಮೀ.ವರೆಗೂ ಹೋಗಿ ಜೊತೆಯವರನ್ನು ನುಂಗುತ್ತದೆ. ಎಂಟಡಿ ತೊಟ್ಟಿಯೂ ಇಂಥವಕ್ಕೆ ಹಿತ್ತಲಷ್ಟೇ.

ಜೊತೆಗೊಂದು ಮಾತು. ಸಿಹಿನೀರಿನ ಅಲಂಕಾರಿಕ ಮೀನು ಬಹುತೇಕ ಸಾಕಣೆಯಲ್ಲಿ ಹುಟ್ಟಿದ್ದು, ಸಮುದ್ರದ್ದು ಬಹುತೇಕ ಹಿಡಿದು ತಂದದ್ದು. ಫಿಲಿಪ್ಪೀನ್ಸ್, ಇಂಡೋನೇಷ್ಯಾಗಳಲ್ಲಿ ಸಯನೈಡ್ ಚಿಮುಕಿಸಿ ಮಂಕಾಗಿಸಿ ಹಿಡಿಯುವ ಕೆಟ್ಟ ಪದ್ಧತಿಯೂ ಇದೆ. ನೀಲಿ ಟ್ಯಾಂಗ್ ಮೀನನ್ನು ಮೊದಲ ಬಾರಿಗೆ ಸಾಕಣೆಯಲ್ಲಿ ಹುಟ್ಟಿಸಿ ಬೆಳೆಸಿದ್ದು 2016ರಲ್ಲಿ, ಫ್ಲಾರಿಡಾದಲ್ಲಿ. ಕ್ಲೌನ್‌ಫಿಶ್ ಮಾತ್ರ ಸುಲಭ. ನಮ್ಮ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ಅದರ ಮರಿ ಮಾಡಿಸುವ ವಿಧಾನ ರೂಪಿಸಿದೆ. ಕೊಳ್ಳುವಾಗ ಎಲ್ಲಿ ಹುಟ್ಟಿದ್ದು ಎಂದು ಕೇಳಬೇಕು.

ತಪ್ಪು ಕಲ್ಪನೆ: ಬಿಳಿ ಚುಕ್ಕೆ ರೋಗಕ್ಕೆ ನೀರು ಬಿಸಿ ಮಾಡಿ, ನೀಲಿ ಔಷಧಿ ಹಾಕಿದರೆ ಸಾಕು.

ವಾಸ್ತವ: ಅದು ಸಿಹಿನೀರಿನ ಪಾಠ. ಸಮುದ್ರದ ಬಿಳಿ ಚುಕ್ಕೆ ಬೇರೆಯೇ ಪರಾವಲಂಬಿ, ಬಿಸಿಗೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ ಮೀನೇ ಏದುಸಿರು ಬಿಡುತ್ತದೆ. ತಾಮ್ರದ ಔಷಧಿ ಕೆಲಸ ಮಾಡುತ್ತದೆ, ಆದರೆ ಸಿಗಡಿ, ಬಸವನಹುಳುಗಳನ್ನೂ ಕೊಲ್ಲುತ್ತದೆ. ಹಾಗಾಗಿ ಚಿಕಿತ್ಸೆ ಬೇರೆ ಸಣ್ಣ ತೊಟ್ಟಿಯಲ್ಲಿ, ದೊಡ್ಡದು ಎರಡು ಎರಡೂವರೆ ತಿಂಗಳು ಮೀನಿಲ್ಲದೆ ಖಾಲಿ. 2,000 ಲೀಟರಿನೊಳಗಿಂದ ಎಲ್ಲ ಮೀನು ಹಿಡಿಯುವುದೆಂದರೆ ಕಲ್ಲುಗಳನ್ನೆಲ್ಲ ಕಿತ್ತಂತೆ. ಹೊಸ ಮೀನನ್ನು ಮೊದಲೇ ಬೇರೆ ಇಟ್ಟು ನೋಡುವುದು ಅದಕ್ಕಿಂತ ಎಷ್ಟೋ ವಾಸಿ.

ತಪ್ಪು ಕಲ್ಪನೆ: ಇನ್ವರ್ಟರ್ ಇದೆ, ಕರೆಂಟ್ ಹೋದರೂ ಏನೂ ಆಗದು.

ವಾಸ್ತವ: ಮನೆಯ ಇನ್ವರ್ಟರ್ ದೀಪ, ಫ್ಯಾನುಗಳಿಗೆ ಲೆಕ್ಕ ಹಾಕಿದ್ದು. ನೀರನ್ನು 26 ಡಿಗ್ರಿಯ ಆಸುಪಾಸಿನಲ್ಲಿ ಇಡುವ ಚಿಲ್ಲರ್ ಅದರ ಶಕ್ತಿಗೆ ಮೀರಿದ್ದು. ಚಿಲ್ಲರ್ ಕೆಲವು ಗಂಟೆ ನಿಂತರೂ ಇಷ್ಟು ನೀರು ಕಾಯಲು ಹೊತ್ತು ಹಿಡಿಯುತ್ತದೆ. ಮೊದಲು ಬೇಕಾದದ್ದು ನೀರಿನ ಚಲನೆ, ಯಾಕೆಂದರೆ ಉಪ್ಪುನೀರು ಸಿಹಿನೀರಿಗಿಂತ ಕಡಿಮೆ ಆಮ್ಲಜನಕ ಹಿಡಿದಿಡುತ್ತದೆ. ಒಂದು ಅಲೆಪಂಪಿಗೆ ಬ್ಯಾಟರಿ ಇರಲೇಬೇಕು.

ಯಾರೂ ಎಣಿಸದ ಅನಾಹುತ ಬೇರೆಯದು. ಕರೆಂಟ್ ಹೋದ ಕ್ಷಣ ಮೇಲಕ್ಕೆ ನೀರು ಎತ್ತುವ ಪಂಪು ನಿಲ್ಲುತ್ತದೆ. ಅದೇ ಪೈಪಿನಲ್ಲಿ ಮೇಲಿನ ನೀರು ಹಿಂದಕ್ಕೆ ಸರಿದು ಕೆಳಗಿನ ತೊಟ್ಟಿಗೆ ಸುರಿಯುತ್ತದೆ. ಎಂಟಡಿ ತೊಟ್ಟಿಯಲ್ಲಿ ಎರಡಂಗುಲ ನೀರು ಇಳಿದರೆ ನೂರಕ್ಕೂ ಹೆಚ್ಚು ಲೀಟರ್. ಕೆಳಗೆ ಅಷ್ಟು ಖಾಲಿ ಜಾಗ ಇಲ್ಲದಿದ್ದರೆ ಅದು ನೆಲದ ಮೇಲೆ, ಅಪಾರ್ಟ್‌ಮೆಂಟಿನಲ್ಲಾದರೆ ಕೆಳಮನೆಯವರ ಫಾಲ್ಸ್ ಸೀಲಿಂಗ್ ಮೇಲೆ. ತೊಟ್ಟಿ ಕಟ್ಟಿಸಿದವರು ಮೀನು ಬಿಡುವ ಮೊದಲು ತಾವೇ ಮೇನ್ ಆಫ್ ಮಾಡಿ ನೋಡಬೇಕು. ಉಪ್ಪುನೀರು ವಿದ್ಯುತ್ತಿನ ಒಳ್ಳೆಯ ವಾಹಕ. ವಿದ್ಯುತ್ ಸೋರಿದೊಡನೆ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದ ತೊಟ್ಟಿಗೆ ಕೈ ಹಾಕಬಾರದು.

ಬಿಲ್ಲಿನ ಮಾತು ಇಷ್ಟೇ: ಎಲ್ಲ ಸೇರಿ ಸರಾಸರಿ 800 ವಾಟ್ ಎಂದು ಹಿಡಿದರೂ ದಿನಕ್ಕೆ 19 ಯೂನಿಟ್, ತಿಂಗಳಿಗೆ 570 ದಾಟಿತು.

ತಪ್ಪು ಕಲ್ಪನೆ: ತೊಟ್ಟಿ ಈಶಾನ್ಯದಲ್ಲೇ ಇರಬೇಕು. ಮೀನು ಸತ್ತರೆ ಮನೆಯವರಿಗೆ ಬರಬೇಕಿದ್ದ ಕಂಟಕವನ್ನು ಅದು ಹೊತ್ತುಕೊಂಡು ಹೋಯಿತೆಂದು ತಿಳಿಯಬೇಕು.

ವಾಸ್ತವ: ದಿಕ್ಕಿನ ನಂಬಿಕೆಯೊಂದಿಗೆ ಜಗಳ ಬೇಡ. ಈಶಾನ್ಯದಲ್ಲಿ ಬೀಮು, ಪಿಲ್ಲರು ಸಿಕ್ಕರೆ ಅಲ್ಲೇ ಇಡಿ. ಆದರೆ ಅಲ್ಲಿ ಪೂರ್ವದ ಕಿಟಕಿಯಿದ್ದರೆ ಬೆಳಗಿನ ಬಿಸಿಲು ನೇರ ಬಿದ್ದು ಪಾಚಿ ಬೆಳೆಯುತ್ತದೆ, ಪರದೆ ಬೇಕು. ಬೀಮು ಇಲ್ಲದಿದ್ದರೆ ದಿಕ್ಕು ಬಿಡಿ, ಮೂರು ಟನ್‌ಗೆ ಎಂಜಿನಿಯರ್ ಹೇಳಿದ್ದೇ ವಾಸ್ತು.

ಕಂಟಕದ ಮಾತು ಹುಟ್ಟಿದ್ದು ದುಃಖಕ್ಕೆ ಒಂದು ಅರ್ಥ ಕೊಡಲು, ಅದನ್ನು ಹಗುರಾಗಿ ನೋಡುವುದಿಲ್ಲ. ಮಗು ಸಾಕಿದ ಮೀನು ಸತ್ತಾಗ ಅಜ್ಜಿ ಅಷ್ಟು ಹೇಳಿದರೆ ತಪ್ಪೇನಿಲ್ಲ. ತೊಂದರೆ ಬರುವುದು ಮನೆಯ ದೊಡ್ಡವರೂ ಅಷ್ಟಕ್ಕೇ ಸಮಾಧಾನಪಟ್ಟು, ನೀರು ಪರೀಕ್ಷಿಸದೆ ಹೊಸ ಮೀನು ತಂದಾಗ. ಸತ್ತ ಮೀನು ಮೊದಲು ಹೇಳುವುದು ಅಮೋನಿಯಾ, ಆಮ್ಲಜನಕ, ರೋಗ, ಜಗಳ ಇವುಗಳಲ್ಲೊಂದನ್ನು. ಒಂದೇ ವಾರದಲ್ಲಿ ನಾಲ್ಕು ಕಂಟಕ ಕಳೆದ ಮನೆ ಇದ್ದರೆ ಆ ಮನೆಗೆ ಟೆಸ್ಟ್ ಕಿಟ್ ಬೇಕು.

ತಪ್ಪು ಕಲ್ಪನೆ: ಸಾಕಾದರೆ ಮೀನನ್ನು ಸಮುದ್ರಕ್ಕೆ ಬಿಟ್ಟರಾಯಿತು. ಅಲ್ಲಿಂದಲೇ ಬಂದದ್ದು, ಪುಣ್ಯವೂ ಬಂತು.

ವಾಸ್ತವ: ಯಾವ ಸಮುದ್ರದಿಂದ ಬಂದದ್ದು? ನಮ್ಮ ಕಡಲಿನ ಲಯನ್‌ಫಿಶ್‌ಗೆ ಅಟ್ಲಾಂಟಿಕ್ ಪರದೇಶ. ಫ್ಲಾರಿಡಾದ ತೀರದಲ್ಲಿ ಅದು ಮೊದಲು ಕಂಡದ್ದು 1985ರಲ್ಲಿ. ಈಗ ಕೆರಿಬಿಯನ್ ತುಂಬ ಹರಡಿ ಅಲ್ಲಿನ ಸಣ್ಣ ಮೀನುಗಳನ್ನು ಮುಕ್ಕುತ್ತಿದೆ. 1992ರ ಆಂಡ್ರ್ಯೂ ಚಂಡಮಾರುತದಲ್ಲಿ ಕಡಲ ಪಕ್ಕದ ಮನೆಯ ತೊಟ್ಟಿ ಒಡೆದು ಆರು ಮೀನು ತಪ್ಪಿಸಿಕೊಂಡವು, ಅಲ್ಲಿಂದ ಎಲ್ಲ ಶುರುವಾಯಿತು ಎಂಬ ಕಥೆ ಬಹಳ ಕಾಲ ಓಡಿತು. ಇಸವಿ ನೋಡಿದರೇ ಸಾಕು, ಮೀನು ಚಂಡಮಾರುತಕ್ಕಿಂತ ಏಳು ವರ್ಷ ಮೊದಲೇ ಅಲ್ಲಿತ್ತು. ಬೇಸತ್ತ ಸಾಕಣೆದಾರರು ಬಿಟ್ಟದ್ದೇ ಮೂಲ ಎಂಬುದು ಹೆಚ್ಚು ಸಂಭವ. ಇಂಡೋನೇಷ್ಯಾದ ಮೀನನ್ನು ಪಣಂಬೂರಿನಲ್ಲಿ ಬಿಟ್ಟರೂ ಅದೇ ಜೂಜು. ನಮ್ಮದೇ ಕಡಲಿನದ್ದಾದರೂ ತೊಟ್ಟಿಯಲ್ಲಿ ಅಂಟಿದ ರೋಗ ಜೊತೆಗೆ ಹೋಗುತ್ತದೆ. ಬೇರೆ ಸಾಕಣೆದಾರರಿಗೆ ಕೊಡಿ, ಇಲ್ಲವೇ ಅಂಗಡಿಗೆ ಹಿಂದಿರುಗಿಸಿ.

ತೊಟ್ಟಿಯಿಂದ ತೆಗೆದ ಉಪ್ಪುನೀರಿನದ್ದೂ ಅದೇ ಪ್ರಶ್ನೆ, ಎಲ್ಲಿ ಬಿಡುವುದು? ತೆಂಗಿಗೆ ಉಪ್ಪು ಹಾಕುವ ರೂಢಿ ಉಂಟಲ್ಲ, ಬುಡಕ್ಕೇ ಬಿಡೋಣ ಎನ್ನುವವರಿದ್ದಾರೆ. ರೂಢಿ ಇರುವುದು ಗುಂಡಿಗೆ ಒಂದಿಷ್ಟು ಉಪ್ಪಿನದು, ಎಪ್ಪತ್ತು ಕೆ.ಜಿ.ಯದಲ್ಲ. ಮಳೆನೀರಿನ ಇಂಗುಗುಂಡಿಗೆ ಬಿಟ್ಟರೆ ಬೀದಿಯ ಬೋರ್‌ವೆಲ್‌ಗಳಿಗೆ ಕೊಟ್ಟಂತೆ. ಒಳಚರಂಡಿಗೆ, ಅದೂ ದಿನಕ್ಕೆ ಸ್ವಲ್ಪಸ್ವಲ್ಪವೇ, ಮನೆಯ ಬಳಕೆಯ ನೀರಿನ ಜೊತೆ ಬೆರೆಸಿ ಬಿಡಬೇಕು.